ಮೂವತ್ತೆಂಟು ಅಡಿ ಕಡಿಮೆ

"ಸ್ವಲ್ಪ ಕಾಲು ತೆಗೀತೀರಾ?"

ನೊಯೆಮಿ ಬೆಚ್ಚಿ ತಿರುಗಿದಳು. ಕೋಲಿನ ತುದಿಗೆ ಸಿಕ್ಕಿಸಿದ ಚಕ್ರ ಉರುಳಿಸಿ ರಸ್ತೆ ಅಳೆಯುತ್ತ ಬಂದ ಎತ್ತರದ ಯುವಕನೊಬ್ಬ ಅವಳ ಅಂಗಡಿಯ ಎದುರಿಗೆ ನಿಂತಿದ್ದ. ಅಂಗಿಯ ಮೇಲೆ ಪಿನ್ಯೋನ್ ಕ್ರೀಕ್ ಪುರಸಭೆಯ ಬಿಲ್ಲೆ.

"ನನ್ನ ಅಂಗಡಿ, ನನ್ನ ಹೊಸ್ತಿಲು. ನಾನ್ಯಾಕ್ರೀ ಕಾಲು ತೆಗೀಬೇಕು?"

"ಚಕ್ರ ಬಾಗಿಲಿಗೆ ಮುಟ್ಟಬೇಕು ಮೇಡಂ. ಇಲ್ಲಾಂದ್ರೆ, ಶಾಲೆಯಿಂದ ನಿಮ್ಮ ಕಾಲ್ಬೆರಳಿನ ತನಕ ಇಷ್ಟು ಅಡಿ ಅಂತ ಬರ್ಕೋಬೇಕಾಗುತ್ತೆ."

ಅವನ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಆದರೆ ಕಣ್ಣಲ್ಲಿತ್ತು! ನೊಯೆಮಿ ಕಾಲು ತೆಗೆದಳು... ಎದೆ ಯಾಕೋ ಒಂದು ಬಡಿತ ತಪ್ಪಿತು.

ಅವನ ಹೆಸರು ಗ್ರೇಡಿ ಲುಂಡ್. ಊರಿನ ಗಾಂಜಾ ಅಂಗಡಿಗಳ ಲೈಸೆನ್ಸ್ ನೋಡಿಕೊಳ್ಳಲು ಹೊಸದಾಗಿ ಬಂದ ಇನ್ಸ್‌ಪೆಕ್ಟರ್.

ಪ್ರತಿ ಗುರುವಾರ ಬೆಳಿಗ್ಗೆ ಬರುತ್ತಿದ್ದ. ಬೀಗ, ಕ್ಯಾಮೆರಾ, ಡಬ್ಬಿಗಳ ಮೇಲಿನ ಚೀಟಿ, ಎಲ್ಲವನ್ನೂ ನೋಡುತ್ತಿದ್ದ. ಮೊದಲ ದಿನವೇ ಅವಳು ಕಾಫಿ ಕೊಟ್ಟಾಗ ಎರಡು ಹೆಜ್ಜೆ ಹಿಂದೆ ಸರಿದಿದ್ದ.

"ಲೈಸೆನ್ಸ್ ಇರೋರ ಹತ್ರ ನಾನು ಏನೂ ತಗೊಳ್ಳೋ ಹಾಗಿಲ್ಲ."

"ಒಂದು ಲೋಟ ಕಾಫೀನೂ?"

"ಒಂದು ಗುಟುಕೂ ಇಲ್ಲ."

ಮುಂದಿನ ವಾರ ಮನೆಯಿಂದಲೇ ಫ್ಲಾಸ್ಕ್ ತಂದ. ಅವಳ ಕಾಫಿ ಅವಳದು, ಅವನ ಕಾಫಿ ಅವನದು. ಇಬ್ಬರೂ ಕಿಟಕಿಯ ಬಳಿ ನಿಂತು ಕುಡಿದರು.

ಅಲ್ಲೇ ಅವಳು ಅಮ್ಮನ ಕಥೆ ಹೇಳಿದ್ದು. ಕ್ಯಾನ್ಸರ್ ಔಷಧಿಯಿಂದ ಅಮ್ಮನಿಗೆ ಒಂದು ತುತ್ತೂ ಒಳಗೆ ಇಳಿಯುತ್ತಿರಲಿಲ್ಲ. ಹಸಿವು ಕೊಟ್ಟದ್ದು ಈ ಗಾಂಜಾ ಒಂದೇ. ಆಗ ಈ ಊರಿನಲ್ಲಿ ಮಾರಾಟಕ್ಕೆ ನಿಷೇಧವಿತ್ತು. ಅದಕ್ಕಾಗಿ ಹಿಮ ಬೀಳುವಾಗಲೂ ಕಣಿವೆ ದಾಟಿ ಮೂರು ಗಂಟೆ ಕಾರು ಓಡಿಸಬೇಕಿತ್ತು. ಊರಿನವರು ಮತ ಹಾಕಿ ನಿಷೇಧ ತೆಗೆದ ವಾರವೇ ಅವಳು ಲೈಸೆನ್ಸಿಗೆ ಅರ್ಜಿ ಹಾಕಿದ್ದಳು.

"ಬೇರೆ ಯಾವ ಮಗಳೂ ಹಂಗೆ ಹಿಮದಲ್ಲಿ ಕಾರು ಓಡಿಸ್ಬಾರ್ದು ಅಂತ..." ಎಂದು ಮಾತು ನಿಲ್ಲಿಸಿದಳು.

ಗ್ರೇಡಿಯ ಕಾಫಿ ಪೂರ್ತಿ ಆರಿಹೋಗಿತ್ತು.

ಗುರುವಾರ ಬಂತೆಂದರೆ ಅವಳು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದಳು. 'ಥೂ, ತಪಾಸಣೆಗೆ ಬರೋನಿಗೆ ಯಾರಾದ್ರೂ ಹೀಗೆ ಕಾಯ್ತಾರಾ?'

ಬೇಸಿಗೆಯ ಹೊತ್ತಿಗೆ ಹಳೆಯ ಬ್ಯಾಂಕಿನ ಕಟ್ಟಡದಲ್ಲಿ ಜೋಲೀನ್ ಎಂಬಾಕೆ ಮಕ್ಕಳ ಪಾಲನಾಗೃಹ ತೆರೆದಳು. ಮಕ್ಕಳಿರುವ ಜಾಗಕ್ಕೂ ಗಾಂಜಾ ಅಂಗಡಿಯ ಬಾಗಿಲಿಗೂ ಸಾವಿರ ಅಡಿ ಅಂತರ ಇರಲೇಬೇಕೆಂಬುದು ಊರಿನ ಕಾನೂನು. ಗ್ರೇಡಿ ಮತ್ತೆ ಅಳೆದ. ಎರಡು ಸಲ ಅಳೆದ.

"ಎಷ್ಟು?" ಎಂದಳು ನೊಯೆಮಿ.

"ಒಂಬೈನೂರ ಅರವತ್ತೆರಡು."

ಮೂವತ್ತೆಂಟು ಅಡಿ ಕಡಿಮೆ!

"ಅದನ್ನ ಬರೀಲೇಬೇಕಾ?"

ಅವನು ಅವಳ ಮುಖ ನೋಡಲಿಲ್ಲ. "ಬರೀಲೇಬೇಕು, ನೊಯೆಮಿ."

ಮುಂದಿನ ಗುರುವಾರ ಅವನು ಬರಲಿಲ್ಲ. ಬದಲಿಗೆ ಯಾರೋ ಗಂಟುಮುಖದ ಹೆಂಗಸು ಬಂದಳು. ನೊಯೆಮಿ ಫೋನ್ ಮಾಡಿದಳು... ಎತ್ತಲಿಲ್ಲ. ಮತ್ತೆ ಮಾಡಿದಳು... ಇಲ್ಲ. ಬಂದದ್ದು ಪುರಸಭೆಯ ನೋಟಿಸ್ ಮಾತ್ರ: ಲೈಸೆನ್ಸ್ ಮುಂದುವರಿಸುವ ವಿಷಯದಲ್ಲಿ ಬಹಿರಂಗ ವಿಚಾರಣೆ.

"ಆ ಫ್ಲಾಸ್ಕ್ ಹುಡುಗ ಎಲ್ಲೇ? ಕಾಣ್ತಾನೇ ಇಲ್ಲ," ಎಂದಳು ಈಗ ಚೇತರಿಸಿಕೊಂಡಿದ್ದ ಅಮ್ಮ ಯೂಫೀಮಿಯಾ, ಹಸಿಮೆಣಸಿನಕಾಯಿ ಸುಡುತ್ತ.

"ಅವನ ಹೆಸರೆತ್ತಬೇಡಮ್ಮ! ತೆರಿಗೆ ವಸೂಲಿಗೆ ನಾವು ಬೇಕು, ಬಾಗಿಲು ಮುಚ್ಚಿಸೋಕೂ ನಾವೇ ಬೇಕು!"

"ನಾನು ಕೇಳಿದ್ದು ಹುಡುಗನ ವಿಷಯ ಕಣೇ. ಪುರಸಭೇದಲ್ಲ."

ನೊಯೆಮಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. 'ಕಥೆ ಎಲ್ಲಾ ಕೇಳಿಸ್ಕೊಂಡು, ಕೊನೆಗೆ ಕತ್ತು ಕೊಯ್ದು ಹೋದನಲ್ಲ...'

ವಿಚಾರಣೆಯ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಜೋಲೀನ್ ಮೊದಲು ಮಾತಾಡಿದಳು. "ನೊಯೆಮಿ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಮಕ್ಕಳನ್ನ ಬಿಡೋಕೆ ಬರೋ ತಾಯಂದಿರಿಗೆ ಎದುರಿಗೇ ಆ ಅಂಗಡಿ ಮುಂದೆ ನಿಂತ ಜನರ ಸಾಲು ಕಾಣುತ್ತೆ. ನಾನೇನು ಹೇಳ್ಲಿ ಅವರಿಗೆ?"

ನೊಯೆಮಿ ಎದ್ದಳು.

"ಅವರು ಹೇಳಿದ್ದು ಸರಿ. ಮುಂದಿನ ಬಾಗಿಲಿಗೆ ಗೋಡೆ ಕಟ್ಟಿಸ್ತೀನಿ. ಹಿಂದಿನ ಬೀದಿ ಕಡೆಗೆ ಬಾಗಿಲು ಇಡ್ತೀನಿ. ಅಲ್ಲಿಂದ ಅಳೆದ್ರೆ ಸಾವಿರದ ಮೇಲಾಗುತ್ತೆ. ಅಂಗಡಿ ಮಾತ್ರ ಮುಚ್ಚಿಸಬೇಡಿ... ನಮ್ಮಮ್ಮನಂಥವರು ಈ ಊರಲ್ಲಿ ಇನ್ನೂ ಇದ್ದಾರೆ."

ಸದಸ್ಯರೊಬ್ಬರು ಕನ್ನಡಕ ಏರಿಸಿದರು. "ಅದಿರ್ಲಿ. ಮೊದಲು ಅಳೆದ ಇನ್ಸ್‌ಪೆಕ್ಟರ್‌ನ ಯಾಕೆ ಬದಲಾಯಿಸಿದ್ರಿ? ಲಂಚಗಿಂಚ ಏನಾದ್ರೂ..."

"ಅಯ್ಯೋ, ಅಂಥದ್ದೇನಿಲ್ಲ!" ಎಂದಳು ಪುರಸಭೆಯ ಗುಮಾಸ್ತೆ ಬರ್ನೀಸ್. "ಅವರೇ ಬರೆದುಕೊಟ್ಟ ಕಾಗದ ಇದೆ. ದಾಖಲೆ ತಾನೆ, ಓದ್ತೀನಿ."

ಓದಿದಳು.

"ಮೂವತ್ತೆಂಟು ಅಡಿ ಕಡಿಮೆ ಇದೆ ಎಂದು ವರದಿ ಬರೆಯುವಾಗ ನನಗೆ ಆ ಸಂಖ್ಯೆಯನ್ನು ಬದಲಿಸುವ ಮನಸ್ಸಾಯಿತು. ಬದಲಿಸಲಿಲ್ಲ. ಆದರೆ ಹಾಗೆ ಮನಸ್ಸಾದ ಅಧಿಕಾರಿ ಆ ಅಂಗಡಿಗೆ ಮತ್ತೆ ತಪಾಸಣೆಗೆ ಹೋಗಬಾರದು. ನಾನು ಕುಮಾರಿ ನೊಯೆಮಿ ಆರ್ಚುಲೆಟಾ ಅವರನ್ನು ಪ್ರೀತಿಸುತ್ತೇನೆ. ಅವರಿಗೆ ಇದು ತಿಳಿದಿಲ್ಲ. ತೀರ್ಮಾನವಾಗುವವರೆಗೆ ನಾನು ಅವರೊಂದಿಗೆ ಮಾತನಾಡುವುದಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು!

"ನಾನು ಕೇಳಿದ್ದು ಹುಡುಗನ ವಿಷಯ ಅಂದೆನಲ್ಲ!" ಎಂದಳು ಯೂಫೀಮಿಯಾ, ಎಲ್ಲರಿಗೂ ಕೇಳುವ ಹಾಗೆ.

ನೊಯೆಮಿಗೆ ಮುಂದಿನದು ಅರ್ಧಂಬರ್ಧ ಕೇಳಿಸಿತು. ಅಂಗಡಿಯ ಪರ ನಾಲ್ಕು, ವಿರುದ್ಧ ಮೂರು ಮತ. ತೊಂಬತ್ತು ದಿನದೊಳಗೆ ಬಾಗಿಲು ಬದಲಾಗಬೇಕು. ಗಾಂಜಾ ಮಾರಾಟದ ಮೇಲೆ ಊರಿನ ತೆರಿಗೆ ಶೇಕಡಾ ಎರಡು ಹೆಚ್ಚು. ಅದರಲ್ಲಿ ಒಂದು ಪಾಲು ಮಕ್ಕಳ ಆಟದ ಬಯಲಿಗೆ. ಜೋಲೀನ್ ಬಂದು ಅವಳ ಕೈ ಹಿಡಿದು ಒತ್ತಿದಳು.

ನೊಯೆಮಿ ಹೊರಗೆ ಓಡಿದಳು.

ಗ್ರೇಡಿ ಪುರಸಭೆಯ ಹುಲ್ಲುಹಾಸಿನಾಚೆ ಮರದ ಕೆಳಗೆ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಅಂಗಡಿ ಉಳೀತಾ?"

"ಉಳೀತು."

ಅವನು ದೀರ್ಘವಾಗಿ ಉಸಿರು ಬಿಟ್ಟ.

"ನನ್ನ ಫೋನ್ ಯಾಕೆ ಎತ್ತಲಿಲ್ಲ? ನಾನು ಎಷ್ಟು ಅತ್ತೆ ಗೊತ್ತಾ?"

"ಎತ್ತಿದ್ದಿದ್ರೆ, ಇನ್ಸ್‌ಪೆಕ್ಟರ್‌ನ ಬುಟ್ಟಿಗೆ ಹಾಕ್ಕೊಂಡು ಲೈಸೆನ್ಸ್ ಉಳಿಸ್ಕೊಂಡ್ಲು ಅಂತಿದ್ರು ಜನ. ನಿಮ್ಮ ಹೆಸರಿಗೆ ಮಸಿ..."

"ಅದಕ್ಕೆ ನನ್ನೊಬ್ಬಳನ್ನ ಬಿಟ್ಟು ಊರಿಗೆಲ್ಲಾ ಹೇಳಿದ್ರಾ? ಬರ್ನೀಸ್ ನಿಮ್ಮ ಕಾಗದ ಸಭೇಲಿ ಓದಿದ್ಲು!"

"ಬರ್ನೀಸ್ ಗಟ್ಟಿಯಾಗಿ ಓದೇಬಿಡ್ತಾಳೆ ಅಂತ ನಂಗೇನ್ ಗೊತ್ತಿತ್ತು!" ಅವನ ಕಿವಿಗಳು ಕೆಂಪಾದವು.

ನೊಯೆಮಿ ಕಣ್ಣೊರೆಸಿಕೊಂಡು ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಕಾಗದದಲ್ಲಿ ಬರೆದಿದ್ದು ಪುರಸಭೆಗೆ. ನಂಗೆ ಬಾಯಲ್ಲಿ ಹೇಳಿ."

"ನೊಯೆಮಿ... ನಂಗೆ ನೀವಂದ್ರೆ..."

"ನೀವಾ?"

ಅವನು ಅವಳ ಕೈ ಹಿಡಿದ.

"ನೀನು. ನಂಗೆ ನೀನಂದ್ರೆ ಪ್ರಾಣ."

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ..." ಎಂದಳು ಅವನ ಎದೆಗೆ ಹಣೆ ಒತ್ತಿ. "ನಂಗೂ ಕಣೋ."