ಮಿಂಚುಬೆಕ್ಕು ತಿರುಗಿಸಿದ ಭರಣಿ

ಬಹಳ ಹಿಂದೆ, ಮೋಡಗಳು ಈಗಿನದಕ್ಕಿಂತ ಒಂದಾಳು ಕೆಳಗಿದ್ದ ಕಾಲದಲ್ಲಿ, ತಾಮ್ರಕೂಟ ಅಂತ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವಳು ಮಹಾರಾಣಿ ಚಂಪಕಮಾಲೆ. ಅಲ್ಲಿಯ ನಾಣ್ಯಗಳ ಮೇಲೆಲ್ಲ ಅವಳದೇ ಮುಖ. ಬರೀ ಮುಖವಲ್ಲ, ಅವಳ ಜೀವವೂ ಒಂದಿಷ್ಟು ಅವುಗಳಲ್ಲಿತ್ತು. ತಾಮ್ರದ ನಾಣ್ಯ ಹೊಳೆಯುತ್ತಿದ್ದರೆ ಅವಳ ಕಿವಿ ಚುರುಕು, ಹಿತ್ತಾಳೆಯದು ಹೊಳೆಯುತ್ತಿದ್ದರೆ ಮಾತು ಸ್ಪಷ್ಟ, ಬೆಳ್ಳಿಯದು ಹೊಳೆಯುತ್ತಿದ್ದರೆ ಕಣ್ಣು ನಿಚ್ಚಳ.

ಅದಕ್ಕೇ ಅರಮನೆಯಲ್ಲಿ ನಾಣ್ಯ ಉಜ್ಜುವುದಕ್ಕೆಂದು ಒಬ್ಬ ಅಧಿಕಾರಿಯಿದ್ದ. ಹೆಸರು ಸಿಂಗಾರಯ್ಯ. ಹುಣಸೆಹಣ್ಣು, ಬೂದಿ, ತೆಂಗಿನ ನಾರು, ಇಷ್ಟೇ ಅವನ ಆಯುಧ. "ರಾಣಿಯವರಿಗೆ ಕಣ್ಣಿದೆ ಅಂದರೆ ಅದು ಈ ಹೆಬ್ಬೆರಳಿನಿಂದ" ಅಂತ ಬೀದಿಯಲ್ಲಿ ಕೈಯೆತ್ತಿ ತೋರಿಸುತ್ತಿದ್ದ. ತೋರಿಸಲಿ ಬಿಡಿ, ಸುಳ್ಳೇನಲ್ಲ.

ಈ ಸಿಂಗಾರಯ್ಯನಿಗೆ ಒಬ್ಬ ಷಡ್ಡಕನಿದ್ದ. ಹೆಂಡತಿ ನೀಲಾಂಬೆಯ ತಂಗಿಯ ಗಂಡ, ಬೊಮ್ಮಣ್ಣ. ಷಡ್ಡಕರೆಂದರೆ ಗೊತ್ತಲ್ಲ, ಮಾವನ ಮನೆಯಲ್ಲಿ ಒಂದೇ ಪಂಕ್ತಿಗೆ ಕೂತು, ತನ್ನ ಎಲೆಗಿಂತ ಪಕ್ಕದ ಎಲೆಯನ್ನೇ ಹೆಚ್ಚು ನೋಡುವವರು. ಬೊಮ್ಮಣ್ಣನ ಹೋಳಿಗೆಗೆ ಅತ್ತೆ ಒಂದು ಮಿಳ್ಳೆ ತುಪ್ಪ ಜಾಸ್ತಿ ಹಾಕಿದಳೆಂದರೆ ಸಿಂಗಾರಯ್ಯನಿಗೆ ಊಟ ಅಲ್ಲಿಗೇ ಮುಗಿಯಿತು.

ಬೊಮ್ಮಣ್ಣನಿಗೆ ಇಂಥದೇ ಅಂತ ಕೆಲಸವಿರಲಿಲ್ಲ. ಕೋಟೆಯ ಹೊರಗೊಂದು ದಿಬ್ಬ, ಅದರ ಮೇಲಿನ ಮೋಡದಲ್ಲೊಂದು ತೂತು. ಇನ್ಯಾವುದೋ ಲೋಕದವರು ಕೆಟ್ಟಿತೆಂದು ಎಸೆದದ್ದೆಲ್ಲ ಆ ತೂತಿನಿಂದ ಧೊಪ್ಪನೆ ಅಲ್ಲಿ ಬೀಳುತ್ತಿತ್ತು: ಹಾಡು ಮರೆತ ಟೇಪ್ ರೆಕಾರ್ಡರು, ಸುಟ್ಟ ಮಿಕ್ಸಿ, ಕಾಗದ ನುಂಗಿ ಸತ್ತ ಪ್ರಿಂಟರು. ಬೊಮ್ಮಣ್ಣ ದಿನವಿಡೀ ಅವುಗಳ ಹೊಟ್ಟೆ ಬಗೆಯುತ್ತ ಕೂರುತ್ತಿದ್ದ. ಸಿಂಗಾರಯ್ಯ ಅವನಿಗೆ ಗುಜರಿ ಅಂತ ಹೆಸರಿಟ್ಟಿದ್ದ.

ಹೀಗಿರುವಾಗ ಕಿಲುಬಾಕ್ಷನೆಂಬ ಮಾಂತ್ರಿಕ ಅರಮನೆಯ ಬಾಗಿಲಿಗೆ ಬಂದ. ನಾಣ್ಯದ ಮೇಲೆ ತನ್ನ ಮುಖವೂ ಇರಬೇಕೆಂದ. ರಾಣಿ ಒಪ್ಪಲಿಲ್ಲ. ಅವನು ಬೆಟ್ಟದ ಮೇಲೆ ನಿಂತು ಒಮ್ಮೆ ಉಸಿರು ಬಿಟ್ಟ. ಅಷ್ಟೇ. ರಾಜ್ಯದ ನಾಣ್ಯಗಳೆಲ್ಲ ಕಿಲುಬು ಹಿಡಿದವು. ರಾಣಿಗೆ ಕಿವಿ ಹೋಯಿತು, ಮಾತು ಹೋಯಿತು, ಕಣ್ಣು ಹೋಯಿತು.

ಸಿಂಗಾರಯ್ಯ ಉಜ್ಜಿದ, ಉಜ್ಜಿದ, ಉಗುರು ಸವೆಯುವವರೆಗೆ ಉಜ್ಜಿದ. ಒಂದು ನಾಣ್ಯ ಬೆಳಗುವಷ್ಟರಲ್ಲಿ ಹಿಂದಿನದು ಮತ್ತೆ ಕಪ್ಪು. ಒಂದು ಲೋಹದ ನಾಣ್ಯವೆಲ್ಲ ಒಟ್ಟಿಗೆ ಬೆಳಗಿದರಷ್ಟೇ ಆ ಲೋಹಕ್ಕೆ ಹಿಡಿದ ಮಾಯೆ ಬಿಡುತ್ತಿತ್ತು. ಕೊನೆಗೆ ಮಂತ್ರಿ ಡಂಗುರ ಹೊಡೆಸಿದ: ನಾಣ್ಯ ಬೆಳಗಿದವರಿಗೆ ಸಭೆಯಲ್ಲಿ ರಾಣಿಯ ಬಲಗಡೆಯ ಆಸನ.

ಬೊಮ್ಮಣ್ಣ ಷಡ್ಡಕನ ಹತ್ತಿರ ಬಂದ. "ಅಣ್ಣಯ್ಯ, ನಾವು ಉಜ್ಜುವ ಬದಲು ನಾಣ್ಯಗಳೇ ಒಂದನ್ನೊಂದು ಉಜ್ಜಿಕೊಂಡರೆ ಹೇಗೆ?"

"ಹೇಳಿ ನೋಡಪ್ಪ, ಕೇಳಿದರೂ ಕೇಳಿಯಾವು" ಅಂದ ಸಿಂಗಾರಯ್ಯ.

ಬೊಮ್ಮಣ್ಣ ನಕ್ಕು ಹೋಗಿ, ಪ್ರಿಂಟರಿನ ಎರಡು ರಬ್ಬರ್ ಉರುಳೆಗಳನ್ನು ಹಲಗೆಯ ಮೇಲೆ ಪಕ್ಕಪಕ್ಕ ಕೂರಿಸಿದ. ಮಿಕ್ಸಿಯ ಮೋಟಾರಿನಿಂದ ಒಂದು ಉರುಳೆಗೆ ಪಟ್ಟಿ ಎಳೆದ. ಉರುಳೆಗಳ ಮೇಲೆ ಮುಚ್ಚಳದ ಭರಣಿಯೊಂದನ್ನು ಅಡ್ಡ ಮಲಗಿಸಿದ. ಒಳಗೆ ತಾಮ್ರದ ನಾಣ್ಯ, ಮರಳು, ಹುಣಸೆ ನೀರು. ಕರೆಂಟಿಗೆ ದಿಬ್ಬದಲ್ಲಿದ್ದ, ಮೈಯೊಳಗೆ ಮಿಂಚು ಓಡಾಡುವ ಮಿಂಚುಬೆಕ್ಕು. ಕೋಟೆಯ ಕಾವಲುಗಾರರನ್ನೆಲ್ಲ ಕಚ್ಚಿದ ಬೆಕ್ಕು ಅದು. ಬೊಮ್ಮಣ್ಣ ಮಜ್ಜಿಗೆ ಕೊಟ್ಟು ಪಳಗಿಸಿದ್ದ. ಬಾಲಕ್ಕೆ ತಂತಿ ಸುತ್ತಿ ಕಿವಿಯ ಹಿಂದೆ ಕೆರೆದರೆ ಅದು ಗುರ್ ಅನ್ನುತ್ತಿತ್ತು, ಮೋಟಾರು ತಿರುಗುತ್ತಿತ್ತು.

ಮೊದಲ ಸಲ ಭರಣಿ ಎಷ್ಟು ಜೋರಾಗಿ ತಿರುಗಿತೆಂದರೆ, ನಾಣ್ಯಗಳು ಗೋಡೆಗೆ ಅಂಟಿಕೊಂಡು ಸುತ್ತಿದವೇ ಹೊರತು ಒಂದಕ್ಕೊಂದು ತಾಗಲಿಲ್ಲ. ಸಿಂಗಾರಯ್ಯನಿಗೆ ಅವತ್ತು ಎರಡು ತುತ್ತು ಜಾಸ್ತಿ ಸೇರಿತು. ಮರುದಿನ ಬೊಮ್ಮಣ್ಣ ಮಿಕ್ಸಿ ಬಿಟ್ಟು ಟೇಪ್ ರೆಕಾರ್ಡರಿನ ಸಾವಧಾನದ ಮೋಟಾರು ಹಾಕಿದ. ಭರಣಿ ಮುದುಕಿಯ ಹಾಗೆ ನಿಧಾನಕ್ಕೆ ಹೊರಳಿತು. ಸಂಜೆಗೆ ತಾಮ್ರವೆಲ್ಲ ಕೆಂಡದಂತೆ ಬೆಳಗಿತು, ರಾಣಿಗೆ ಕಿವಿ ಬಂತು.

ಎರಡನೆಯದು ಹಿತ್ತಾಳೆ. ಬೊಮ್ಮಣ್ಣ ಅವಸರಕ್ಕೆ ಭರಣಿಯನ್ನು ಕಂಠದವರೆಗೆ ತುಂಬಿದ. ತುಂಬಿದ ಭರಣಿಯಲ್ಲಿ ನಾಣ್ಯ ಉರುಳುವುದೆಲ್ಲಿಂದ? ಸಿಂಗಾರಯ್ಯನಿಗೆ ನೋಡಿದ ತಕ್ಷಣ ತಿಳಿಯಿತು. "ಏನನ್ನಿಸುತ್ತೆ ಅಣ್ಣಯ್ಯ?" ಅಂತ ಬೊಮ್ಮಣ್ಣ ಕೇಳಿದರೆ, "ನಾನು ಹುಣಸೆಹಣ್ಣಿನವನು, ನನಗೇನಪ್ಪ ಗೊತ್ತು" ಅಂದುಬಿಟ್ಟ. ಆದರೂ ಎರಡು ದಿನಕ್ಕೆ ಬೊಮ್ಮಣ್ಣನೇ ಕಂಡುಕೊಂಡ, ಅರ್ಧ ಖಾಲಿ ಮಾಡಿದ. ರಾಣಿಗೆ ಮಾತು ಬಂತು. ಅವಳಾಡಿದ ಮೊದಲ ಮಾತು "ಬೊಮ್ಮಣ್ಣ ಎಲ್ಲಿ?"

ಆ ಮಾತು ಸಿಂಗಾರಯ್ಯನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಮನೆಗೆ ಬಂದರೆ ನೀಲಾಂಬೆ ಬೇರೆ. "ನನ್ನ ತಂಗಿಯ ಯಜಮಾನರನ್ನು ನೋಡಿ, ಕಸದಲ್ಲಿ ಕೂತೇ ರಾಣಿಯ ಬಾಯಲ್ಲಿ ಬಂದರು. ನೀವು ಅರಮನೆಯಲ್ಲಿ ಕೂತಿದ್ದೀರಿ."

ಅವನು ಹಿತ್ತಲಿಗೆ ಹೋಗಿ ಹುಣಸೆ ಮಡಕೆಗೆ ಕೈಯಿಟ್ಟರೆ, ತಳದಲ್ಲಿ ಹಸಿರುಗಟ್ಟಿದ ತಾಮ್ರದ ನಾಣ್ಯವೊಂದು ಕೂತಿತ್ತು. ಅದು ಮಾತಾಡಿತು. "ಸಿಂಗಾರಯ್ಯ, ನಾನು ಕಿಲುಬಾಕ್ಷ. ಈ ವೇಷ ಹಾಕಿದರೆ ಯಾರೂ ಗುರುತಿಸುವುದಿಲ್ಲ. ನಾಳೆ ಬೆಳ್ಳಿಯ ಸರದಿ. ನನ್ನನ್ನು ಆ ಬೆಳ್ಳಿಯ ನಡುವೆ ಹಾಕಿಬಿಡು."

ಸಿಂಗಾರಯ್ಯನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಳ್ಳಿಯ ಜೊತೆ ತಾಮ್ರ ತೊಳೆಯಬಾರದು, ತೊಳೆದರೆ ತಾಮ್ರದ ಬಣ್ಣ ಬೆಳ್ಳಿಗೆ ಹತ್ತುತ್ತದೆ. ನಾಣ್ಯ ಉಜ್ಜುವವರು ಕಲಿಯುವ ಮೊದಲ ಪಾಠ ಅದು. ಬೊಮ್ಮಣ್ಣನಿಗೆ ಅದು ಗೊತ್ತಿರಲಿಲ್ಲ.

ಹಾಕಿದ. ಬೊಮ್ಮಣ್ಣ ಮಜ್ಜಿಗೆ ತರಲು ಹೋದಾಗ ಹಾಕಿದ, ಕೆಲಸ ಮುಗಿದಾಗ ಮೆಲ್ಲಗೆ ಹೆಕ್ಕಿಕೊಂಡ. ಬೆಳ್ಳಿಯೆಲ್ಲ ಕೆಂಪು. ರಾಣಿ ಕಣ್ಣು ತೆರೆದಳು, ಲೋಕವೆಲ್ಲ ರಕ್ತದಲ್ಲಿ ಅದ್ದಿದಂತೆ ಕಂಡು ಮುಖ ಮುಚ್ಚಿಕೊಂಡಳು. ಮಂತ್ರಿ ಗುಡುಗಿದ: "ಹುಣ್ಣಿಮೆಯೊಳಗೆ ಸರಿಹೋಗದಿದ್ದರೆ ಈ ಕಣ್ಣು ಇನ್ನು ಹೀಗೇ. ಆಗ ಬೊಮ್ಮಣ್ಣ, ನಿನಗೆ ಗಡೀಪಾರು."

ಸಿಂಗಾರಯ್ಯ ಮನೆಯ ದಾರಿ ಹಿಡಿದ. ಖುಷಿಯಾಗಬೇಕಿತ್ತು. ಆಗಿತ್ತು ಕೂಡ, ಆದರೆ ಮನೆ ಹತ್ತಿರವಾದಷ್ಟೂ ಹೆಜ್ಜೆ ನಿಧಾನವಾಯಿತು. ಸೊಂಟದ ಗಂಟಿನಲ್ಲಿದ್ದ ನಾಣ್ಯ ಕಿಸಕ್ಕನೆ ನಕ್ಕಿತು.

"ಎಂಥ ತಲೆಯಯ್ಯ ನಿನ್ನ ಷಡ್ಡಕನದು. ಭರಣಿಯೊಳಗೆ ಕೂತು ಕಣ್ಣಾರೆ ನೋಡಿದೆ. ಗಡೀಪಾರಾಗಲಿ, ನನ್ನ ಗುಹೆಗೆ ಕರೆದೊಯ್ದು ಶಿಷ್ಯನನ್ನಾಗಿ ಮಾಡಿಕೊಳ್ಳುತ್ತೇನೆ. ಹಾರುವುದು ಕಲಿಸುತ್ತೇನೆ."

ಸಿಂಗಾರಯ್ಯ ನಿಂತ. "ಹಾರುವುದೇ? ಮತ್ತೆ ನನಗೆ?"

"ನಿನಗೇನು. ನೀನು ಉಜ್ಜಿಕೊಂಡಿರು."

ಬೊಮ್ಮಣ್ಣ ಮಾವನ ಮನೆಯ ಅಂಗಳಕ್ಕೆ ಆಕಾಶದಿಂದ ಇಳಿಯುವುದು, ಅತ್ತೆ ತುಪ್ಪದ ಮಿಳ್ಳೆ ಹಿಡಿದು ಓಡಿಬರುವುದು, ಎಲ್ಲ ಸಿಂಗಾರಯ್ಯನ ಕಣ್ಣ ಮುಂದೆ ಬಂತು. ಅವನು ಹಿಂದೆ ಮುಂದೆ ನೋಡದೆ ದಿಬ್ಬಕ್ಕೆ ತಿರುಗಿದ.

ಬೊಮ್ಮಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಸಿಂಗಾರಯ್ಯ ನಾಣ್ಯವನ್ನು ಖಾಲಿ ಭರಣಿಗೆ ಎಸೆದು, ಮರಳು ಸುರಿದು, ಹುಣಸೆ ನೀರು ಹೊಯ್ದು ಮುಚ್ಚಳ ಬಿಗಿದ. "ಒಳಗಿರುವವನು ಕಿಲುಬಾಕ್ಷ. ಅವನ ಕಿಲುಬು ಸವೆದರೆ ಮಾಯೆಯೂ ಸವೆದೀತು. ಬೆಳ್ಳಿಗೆ ಅವನನ್ನು ಹಾಕಿದವನು ನಾನೇ" ಅಂದ.

"ಗೊತ್ತಿತ್ತು ಅಣ್ಣಯ್ಯ" ಅಂದ ಬೊಮ್ಮಣ್ಣ. "ಬೆಳ್ಳಿ ಯಾಕೆ ಕೆಂಪಾಯಿತೆಂದು ಅರಮನೆಯಲ್ಲಿ ಎಲ್ಲರೂ ನನ್ನನ್ನು ಕೇಳಿದರು. ನೀವೊಬ್ಬರೇ ಕೇಳಲಿಲ್ಲ."

ಆದರೆ ಬೆಕ್ಕು ಮುನಿಸಿಕೊಂಡಿತ್ತು. ದಿನಗಟ್ಟಲೆ ಬೊಮ್ಮಣ್ಣನ ಒರಟು ಬೆರಳಿನಲ್ಲಿ ಕೆರೆಸಿಕೊಂಡು ಅದಕ್ಕೆ ಸಾಕಾಗಿತ್ತು. ಎಷ್ಟು ಕರೆದರೂ ಬರಲಿಲ್ಲ. ಸಿಂಗಾರಯ್ಯ ಹೆದರುತ್ತಲೇ ಕೈ ಚಾಚಿದ. ವರ್ಷಗಟ್ಟಲೆ ಹುಣಸೆಯಲ್ಲಿ ನೆಂದ ನುಣುಪು ಹೆಬ್ಬೆರಳು ಕಿವಿಯ ಹಿಂದೆ ಆಡಿದ್ದೇ ತಡ, ಬೆಕ್ಕು ಗುಡುಗಿನಂತೆ ಗುರ್ರೆಂದಿತು. ಭರಣಿ ಹೊರಳಿತು.

ಒಳಗಿನಿಂದ ಕಿಲುಬಾಕ್ಷ ಕೂಗಿದ. "ನಿಲ್ಲಿಸು ಸಿಂಗಾರಯ್ಯ. ನಿನಗೂ ಹಾರುವುದು ಕಲಿಸುತ್ತೇನೆ."

ಸಿಂಗಾರಯ್ಯನ ಕೈ ನಿಂತಿತು. "ಇವನಿಗಿಂತ ಎತ್ತರಕ್ಕೆ?"

"ಇವನಿಗಿಂತ ಎತ್ತರಕ್ಕೆ."

"ರಾಣಿಯವರ ಕಣ್ಣು?"

"ಅದು ಹಾಗೇ ಇರಲಿ ಬಿಡು. ಅದರಿಂದ ನಿನಗೇನು?"

ಸಿಂಗಾರಯ್ಯ ತನ್ನ ಹೆಬ್ಬೆರಳನ್ನು ನೋಡಿಕೊಂಡ. "ಆ ಕಣ್ಣನ್ನು ಇಷ್ಟು ವರ್ಷ ಬೆಳಗಿದವನು ನಾನಯ್ಯ" ಅಂದ. "ಅದನ್ನು ಕೆಡಿಸಿ, ಮೇಲೆ ಹಾರಿ, ಯಾರಿಗೆ ತೋರಿಸಲಿ?" ಮತ್ತೆ ಬೆಕ್ಕಿನ ಕಿವಿ ಕೆರೆಯತೊಡಗಿದ.

ಭರಣಿ ಹುಣ್ಣಿಮೆಯವರೆಗೆ ತಿರುಗಿತು. ಮೊದಲು ಕೂಗು ನಿಂತಿತು, ಆಮೇಲೆ ಗೊಣಗಾಟ ನಿಂತಿತು. ತೆರೆದು ನೋಡಿದರೆ ಹಸಿರೆಲ್ಲ ಸವೆದು, ಒಂದು ಗೆರೆಯೂ ಇಲ್ಲದ ಬೋಳು ತಾಮ್ರದ ಬಿಲ್ಲೆ. ಆ ಗಳಿಗೆಗೇ ಖಜಾನೆಯ ಬೆಳ್ಳಿಯಿಂದ ಕೆಂಪು ಜಾರಿ ನೆಲಕ್ಕಿಳಿಯಿತು. ರಾಣಿ ಕಿಟಕಿಗೆ ಬಂದು ಚಂದ್ರನನ್ನು ಬೆಳ್ಳಗೇ ನೋಡಿದಳು.

ಸಿಂಗಾರಯ್ಯ ಸಭೆಯಲ್ಲಿ ಎಲ್ಲ ಒಪ್ಪಿಕೊಂಡ. ರಾಣಿ ಅವನನ್ನು ಬೈದಳು, ಚೆನ್ನಾಗಿಯೇ ಬೈದಳು. ಬೈದು ಮುಗಿದ ಮೇಲೆ ಬೊಮ್ಮಣ್ಣನನ್ನು ಬಲಗಡೆಗೆ, ಇವನನ್ನು ಎಡಗಡೆಗೆ ಕೂರಿಸಿದಳು. ಬಲಗಡೆಯ ದಿಂಬು ದಪ್ಪವಿದೆಯೋ ಏನೋ ಅಂತ ಸಿಂಗಾರಯ್ಯ ಬಗ್ಗಿ ನೋಡುವಷ್ಟರಲ್ಲಿ ಮಿಂಚುಬೆಕ್ಕು ಸಭೆಗೆ ನಡೆದುಬಂತು. ಬೊಮ್ಮಣ್ಣ ಬಾ ಬಾ ಅಂತ ತೊಡೆ ತಟ್ಟಿದ. ಅದು ಅವನನ್ನು ದಾಟಿ ಹೋಗಿ ಸಿಂಗಾರಯ್ಯನ ಮಡಿಲೇರಿ ಮಲಗಿತು.

"ಅದನ್ನು ಸಾಕಿದವನು ನಾನು" ಅಂದ ಬೊಮ್ಮಣ್ಣ, ಸಣ್ಣ ದನಿಯಲ್ಲಿ.

"ಅದರ ಇಷ್ಟ ತಮ್ಮಾ, ನಾವೇನು ಮಾಡೋಣ" ಅಂದ ಸಿಂಗಾರಯ್ಯ.

ಅಲ್ಲಿಂದ ಮುಂದೆ ತಾಮ್ರಕೂಟದಲ್ಲಿ ರಾಣಿ ಸುಖ, ಪ್ರಜೆಗಳು ಸುಖ, ಸಿಂಗಾರಯ್ಯನ ಮನೆ ಸೇರಿದ ಬೆಕ್ಕಂತೂ ಪರಮ ಸುಖ. ಬೊಮ್ಮಣ್ಣ ಮಾತ್ರ ದಿನಾ ಸಂಜೆ ಒಂದು ಬಟ್ಟಲು ಮಜ್ಜಿಗೆ ಹಿಡಿದು ಷಡ್ಡಕನ ಮನೆಯ ಬಾಗಿಲು ತಟ್ಟುತ್ತಿದ್ದ. ಒಳಗಿದ್ದ ಸಿಂಗಾರಯ್ಯ, ಬೇಕೆಂದೇ, ಸ್ವಲ್ಪ ತಡ ಮಾಡಿ ತೆರೆಯುತ್ತಿದ್ದ.