ಯಾರೂ ಮುಟ್ಟದ ಸ್ವಿಚ್ಚು

"ಅದನ್ನ ಮುಟ್ಟಬೇಡಿ."

ಗರಗಸದ ಮಷೀನಿನ ಸ್ವಿಚ್ಚಿನ ಮೇಲೆ ಅವಳು ಬೆರಳಿಟ್ಟಿದ್ದಷ್ಟೇ. ಬೆಚ್ಚಿಬಿದ್ದು ತಿರುಗಿ ನೋಡಿದಳು.

ವರ್ಕ್‌ಶಾಪಿನ ಬಾಗಿಲಲ್ಲಿ ಒಬ್ಬ ನಿಂತಿದ್ದ. ತೋಳು ಮಡಚಿದ ಅಂಗಿ, ಬೆರಳ ತುದಿಯಲ್ಲಿ ಸೀಮೆಸುಣ್ಣದ ಪುಡಿ. ಅವನು ದನಿಯನ್ನೇನೂ ಏರಿಸಿರಲಿಲ್ಲ. ಆದರೂ ಅವನ ಮುಖ ಸುಣ್ಣ ಬಳಿದ ಗೋಡೆಯಂತೆ ಬಿಳಿಚಿಕೊಂಡಿತ್ತು.

"ಯಾಕೆ ಮುಟ್ಟಬಾರದು? ನಾನು ಇಲ್ಲಿನ ಹೊಸ ಟೀಚರ್. ಪರೀಕ್ಷೆ ಹತ್ರ ಬಂತು, ಮಕ್ಕಳ ಪ್ರಾಜೆಕ್ಟೆಲ್ಲ ಅರ್ಧಕ್ಕೆ ನಿಂತಿದೆ. ನೀವು ಯಾರು?"

"ಇದೇ ಮಕ್ಕಳಿಗೆ ಡಿಸೈನ್ ಥಿಯರಿ ಹೇಳಿಕೊಡ್ತೀನಿ." ಅವನು ಬೆರಳ ಸುಣ್ಣ ಒರೆಸಿಕೊಂಡ. "ಮೂಲೆಮಟ್ಟ ಅಂತಾರೆ ನನ್ನ. ಬಡಗಿ ಮೂಲೆ ಅಳೆಯೋ ಮಟ್ಟದ ಹಾಗೆ, ಗೆರೆ ಒಂಚೂರು ಸೊಟ್ಟಗಾದ್ರೂ ಬಿಡಲ್ಲ ಅಂತ."

ಮೂಲೆಮಟ್ಟ...

ಆ ಅಡ್ಡಹೆಸರು ಅವಳಿಗೆ ಹೊಸದಲ್ಲ. ಮನೆಯಲ್ಲಿ ಅಪ್ಪಿತಪ್ಪಿ ಯಾರ ಬಾಯಿಂದಲಾದರೂ ಅದು ಬಂದರೆ, ಅಕ್ಕ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಭಾವ ತನ್ನ ಬಲಗೈಯನ್ನು ಜೇಬಿಗೆ ತುರುಕಿಕೊಳ್ಳುತ್ತಿದ್ದ.

"ಓ... ನೀವೇನಾ?" ಅವಳ ದನಿ ತಣ್ಣಗಾಯಿತು. "ನನಗಿಂತ ಮುಂಚೆ ಈ ರೂಮು ಯಾರ ಕೈಲಿತ್ತು ಅಂತ ನೆನಪಿರಬೇಕಲ್ಲ? ನಾನು ಅವರ ನಾದಿನಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಹೊಸ್ತಿಲು ದಾಟದೆ ಹಾಗೆಯೇ ಹೊರಟುಹೋದ.

ಅವಳು ಮಷೀನಿನ ಕಡೆ ನೋಡಿದಳು. ನಿಂತಿದ್ದ ಗರಗಸದ ಪಟ್ಟಿ ಕಿಟಕಿಯ ಬೆಳಕಿಗೆ ತೆಳ್ಳಗೆ ಹೊಳೆಯುತ್ತಿತ್ತು. ಮಕ್ಕಳು ಆ ಮೂಲೆಯಲ್ಲಿ ಚೀಲ ಕೂಡ ಇಡುವುದಿಲ್ಲವೆಂದು ಅವಳಿಗೆ ಗೊತ್ತಾಗಿದ್ದು ಆಮೇಲೆ.

* * *

ಭಾವನೇ ಅವಳಿಗೆ ಉಳಿ ಹಿಡಿಯುವುದನ್ನು ಕಲಿಸಿದವನು. ಅಪ್ಪ ಅಮ್ಮ ಇಲ್ಲದ ಅವಳನ್ನು ಅಕ್ಕ ತನ್ನ ಜೊತೆಗೇ ಕರೆತಂದಾಗ, ಮುಖ ಸಿಂಡರಿಸದೆ, "ಬಾ ಪುಟ್ಟಿ, ನನಗೊಬ್ಬಳು ಅಸಿಸ್ಟೆಂಟ್ ಬೇಕಾಗಿತ್ತು," ಎಂದಿದ್ದ. ಮರದ ಎಳೆ ನೋಡುವುದು, ಮರಳು ಕಾಗದ ಉಜ್ಜುವುದು, ಕೀಲು ಕೂರಿಸುವುದು... ಎಲ್ಲವೂ ಅವನಿಂದಲೇ ಬಂದದ್ದು.

ಆ ಭಾವನ ಬಲಗೈಯಲ್ಲಿ ಈಗ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿದ್ದವು.

ಗರಗಸಕ್ಕೆ ಸಿಕ್ಕಿಕೊಂಡ ಮರದ ತುಂಡನ್ನು ಅವನು ಬಿಡಿಸುತ್ತಿದ್ದಾಗ ಮಷೀನು ಶುರುವಾಗಿತ್ತು. ಸ್ವಿಚ್ಚಿನ ಪಕ್ಕದಲ್ಲಿ ನಿಂತಿದ್ದವನು ಒಬ್ಬನೇ. ಅವನ ಪ್ರಾಣಸ್ನೇಹಿತ, ಮೂಲೆಮಟ್ಟ.

ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಭಾವನೇ ಅವಳನ್ನು ಈ ಶಾಲೆಗೆ ಕಳಿಸಿದ್ದು. "ಆ ರೂಮು ನಾನು ಕಟ್ಟಿದ್ದು. ಹೋದ್ರೆ ನಿನ್ನ ಕೈಗೇ ಹೋಗಲಿ," ಎಂದಿದ್ದ.

ಆ ದಿನ ಸಂಜೆ ಅಕ್ಕ ಭಾವನ ಅಂಗಿಯ ಗುಂಡಿ ಬಿಚ್ಚುತ್ತಿದ್ದಳು. ಭಾವ ಗೋಡೆ ನೋಡುತ್ತ ಕೇಳಿದ.

"ಇದಾನಾ ಅವನು?"

"ಇದಾರೆ."

"ಎರಡೂ ಕೈ ಸರಿಯಾಗಿದೆ ತಾನೆ?" ಭಾವ ನಕ್ಕ. ಆ ನಗು ಕೇಳಿ ಅವಳಿಗೆ ಅಳು ಬಂತು.

* * *

ಮುಖ್ಯೋಪಾಧ್ಯಾಯಿನಿಗೆ ಇಬ್ಬರ ಮನಸ್ತಾಪ ಕಟ್ಟಿಕೊಂಡು ಆಗಬೇಕಾದ್ದೇನೂ ಇರಲಿಲ್ಲ. "ಪ್ರಾಕ್ಟಿಕಲ್ ನೀವು, ಥಿಯರಿ ಅವರು. ರಿವಿಷನ್ ಇಬ್ಬರೂ ಸೇರಿ ಮಾಡಿ. ರಿಸಲ್ಟ್ ಬರಬೇಕು ಅಷ್ಟೇ."

"ಆ ಮಷೀನು..."

"ಚೆಕ್ ಮಾಡಿಸಿದ್ದೀವಿ. ತೊಂದರೆ ಮಷೀನಿನದಲ್ಲ, ಮನುಷ್ಯರದ್ದು."

ಹೀಗೆ ಅವಳು ಅವನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಬೇಕಾಯಿತು. ಕೂತಿದ್ದು ತಪ್ಪು ಹುಡುಕಲೆಂದೇ.

ಅವನು ಎರಡು ಡಬ್ಬಗಳ ನಡುವೆ ಒಂದು ಕಾಗದ ಹಾಸಿ, ಮೇಲೆ ರಬ್ಬರ್ ಇಟ್ಟ. ಕಾಗದ ಕುಸಿಯಿತು. ಅದೇ ಕಾಗದವನ್ನು ಮಡಿಕೆ ಮಡಿಕೆಯಾಗಿ ಮಡಚಿ ಹಾಸಿ, ಮೇಲೆ ಒಂದು ಪುಸ್ತಕವನ್ನೇ ಇಟ್ಟ. ಕಾಗದ ಜಗ್ಗಲಿಲ್ಲ.

"ಕಾಗದ ಅದೇ. ಬದಲಾಗಿದ್ದು ಏನು?"

"ಮಡಿಕೆ, ಸರ್," ಮಕ್ಕಳೆಂದರು.

"ಮಡಿಕೆ ಬಿದ್ರೆ ಗಟ್ಟಿ ಆಗುತ್ತೆ ಅಂತೀರಿ, ನಾವು ಮಡಿಕೆ ಬಿದ್ದ ಅಂಗಿ ಹಾಕ್ಕೊಂಡು ಬಂದ್ರೆ ಮಾತ್ರ ಬೈತೀರಿ," ಎಂದಳು ಕಿಟಕಿ ಪಕ್ಕದ ವಾಚಾಳಿ.

ತರಗತಿಯೆಲ್ಲ ಗೊಳ್ಳೆಂದಿತು. ಅವನೂ ನಕ್ಕ. ಅವಳಿಗೂ ತಡೆಯಲಾಗಲಿಲ್ಲ... ನಕ್ಕುಬಿಟ್ಟಳು. ಅವನು ಅವಳ ನಗು ನೋಡಿದ್ದೇ, ಏನೋ ಕದ್ದವನಂತೆ ಬೋರ್ಡಿನ ಕಡೆ ತಿರುಗಿಕೊಂಡ.

ಅಂದಿನಿಂದ ಅವಳ ಮನಸ್ಸಿನ ಹಿಡಿತ ತಪ್ಪತೊಡಗಿತು.

ಪ್ರತಿ ಸಂಜೆ ಅವನು ವರ್ಕ್‌ಶಾಪಿನ ಬಾಗಿಲಿಗೆ ಬರುತ್ತಿದ್ದ. ಒಳಗೆ ಕಾಲಿಡುತ್ತಿರಲಿಲ್ಲ. "ಎಲ್ಲಾರೂ ಕ್ಷೇಮ ತಾನೆ?" ಎಂದು ಕೇಳುವನು. ಅವನ ಕಣ್ಣು ಮೊದಲು ಮಷೀನಿನ ಮೇಲೆ, ಆಮೇಲೆ ಅವಳ ಕೈಗಳ ಮೇಲೆ. ಹತ್ತೂ ಬೆರಳು ಕಂಡ ಮೇಲೆಯೇ ಅವನ ಉಸಿರು ಸಡಿಲಾಗುತ್ತಿತ್ತು.

ಇಷ್ಟು ಹೆದರುವವನು ಹಾಗೆ ಮಾಡಿದನೇ? ಬೇಕೆಂದೇ? ಅಥವಾ ಮೈಮರೆತು? ಮನೆಗೆ ಹೋಗಿ ಭಾವನ ಕೈ ನೋಡಿದರೆ ಈ ಪ್ರಶ್ನೆಗಳೇ ದ್ರೋಹವೆನಿಸುತ್ತಿದ್ದವು. ಅನ್ನ ಹಾಕಿದ ಮನೆಗೆ ಕನ್ನ ಹಾಕುತ್ತಿದ್ದೇನೆಯೇ...

ಮಷೀನು ಮಾತ್ರ ಮೂಲೆಯಲ್ಲಿ ತನ್ನ ಪಾಡಿಗೆ ಕಾಯುತ್ತಿತ್ತು. ಅವಳು ನಡೆಸಿದಾಗ ಹೇಳಿದ ಹಾಗೆ ಕೇಳುತ್ತಿತ್ತು. ಹಾಗೆ ಕೇಳುವುದೇ ಅವಳಿಗೆ ಯಾಕೋ ಸರಿ ಕಾಣುತ್ತಿರಲಿಲ್ಲ.

ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಬಾಗಿಲಲ್ಲಿ ನಿಂತಿದ್ದವನನ್ನು ಅವಳು ಕೇಳಿಯೇಬಿಟ್ಟಳು.

"ಇಲ್ಲ ಅಂತ ಒಂದೇ ಒಂದು ಮಾತು ಹೇಳಿ. ನಾನು ನಂಬ್ತೀನಿ. ಮನೇಲಿ ಯಾರು ಏನಂದ್ರೂ ನಂಬ್ತೀನಿ."

ಅವನ ಕಣ್ಣು ತುಂಬಿತು.

"ಸ್ವಿಚ್ಚಿನ ಪಕ್ಕ ನಾನಿದ್ದೆ. ಬೇರೆ ಯಾರೂ ಇರಲಿಲ್ಲ. ನನ್ನ ಮೊಣಕೈ ತಾಗಿರಬೇಕು... ತಾಗಿದ್ದು ನನಗೆ ನೆನಪಿಲ್ಲ. ಆದ್ರೆ ಇನ್ಯಾರು ಮಾಡಿರ್ತಾರೆ? ನಾನೇ."

ಅವಳು ಬಾಗಿಲಿನ ಹಿಡಿಗೆ ಕೈ ಹಾಕಿದಳು.

"ಇನ್ಮೇಲೆ ಈ ಬಾಗಿಲಿಗೆ ಬರಬೇಡಿ."

"ನೀವು ಕ್ಷೇಮವಾಗಿದೀರಾ ಅಂತ ಮಾತ್ರ..."

"ನನ್ನ ಕ್ಷೇಮ ನಿಮಗೆ ಬೇಕಾಗಿಲ್ಲ."

ಅವನು ತಲೆ ತಗ್ಗಿಸಿ ನಡೆದ. ಆಮೇಲೆ ಬರಲಿಲ್ಲ. ಪರೀಕ್ಷೆ ಮುಗಿದ ಕೂಡಲೇ ಅವನು ಶಾಲೆ ಬಿಡುತ್ತಾನೆಂಬ ಸುದ್ದಿ ಸ್ಟಾಫ್ ರೂಮಿನಲ್ಲಿ ಹರಡಿತು. ಅವಳು ಕೇಳಿಯೂ ಕೇಳದಂತಿದ್ದಳು. ಬಾತ್‌ರೂಮಿನಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು.

* * *

ಪ್ರಾಜೆಕ್ಟ್ ಒಪ್ಪಿಸಲು ಅದೇ ಕೊನೆಯ ತರಗತಿ. ಕಿಟಕಿಗಳಿಂದ ಬಿಸಿಲು ಸುರಿಯುತ್ತಿತ್ತು. ಒಂದು ದೀಪವನ್ನೂ ಹಾಕಿರಲಿಲ್ಲ. ಮಕ್ಕಳು ಅಂಟಿಸುವುದು, ಉಜ್ಜುವುದು, ಬಣ್ಣ ಬಳಿಯುವುದು ಎಂದು ಗದ್ದಲ ಎಬ್ಬಿಸಿದ್ದರು. ಯಾರದೋ ಪುಸ್ತಕದ ಸ್ಟ್ಯಾಂಡಿಗೆ ಒಂದು ಹಲಗೆ ಕಡಿಮೆ ಬಿದ್ದಿತ್ತು. ಅವಳು ಮಷೀನಿನಲ್ಲಿ ಅದನ್ನು ಕೊಯ್ಯುತ್ತಿದ್ದಳು.

ಅರ್ಧ ಕೊಯ್ದಿರಬೇಕು. ಗರಗಸ ನಿಂತಿತು.

ಮರದ ಗಂಟಿಗೆ ಸಿಕ್ಕಿಕೊಂಡಿತೇನೋ. ಅವಳು ಬಗ್ಗಿ, ಹಲಗೆಯನ್ನು ಬಿಡಿಸಲು ಪಟ್ಟಿಯ ಹಿಂದೆ ಕೈ ಹಾಕಿದಳು.

"ಮಿಸ್, ನನ್ನ ಗ್ಲೂ ಗನ್ ತಣ್ಣಗಾಗ್ತಿದೆ," ಆ ವಾಚಾಳಿ ಹುಡುಗಿ ದೂರದ ಬೆಂಚಿನಿಂದ ಕೂಗಿದಳು. "ಅಂಟು ಬರ್ತಾನೇ ಇಲ್ಲ. ಸ್ವಲ್ಪ ಬಂದು ನೋಡಿ ಮಿಸ್."

"ಬಂದೆ ಇರಮ್ಮ, ಒಂದು ನಿಮಿಷ..."

"ಈಗಲೇ ಬನ್ನಿ ಮಿಸ್, ಕೈ ಬಿಟ್ರೆ ಬಿದ್ದೋಗುತ್ತೆ."

ನಿಟ್ಟುಸಿರಿಟ್ಟು ಅವಳು ಕೈ ಹೊರತೆಗೆದಳು. ಎರಡು ಹೆಜ್ಜೆ ಇಟ್ಟಿರಲಿಲ್ಲ...

ಹಿಂದಿನಿಂದ ಗರಗಸ ಕಿರುಚಿತು.

ಹಲಗೆ ಸಿಡಿದು ಗೋಡೆಗೆ ಬಡಿಯಿತು. ಮಕ್ಕಳು ಚೀರಿದರು. ಅವಳು ತಿರುಗಿದಾಗ, ಅವಳ ಬೆರಳುಗಳಿದ್ದ ಜಾಗದಲ್ಲಿ ಗರಗಸದ ಪಟ್ಟಿ ಹೊಳೆಯುವ ಗೆರೆಯಾಗಿ ಓಡುತ್ತಿತ್ತು.

ಸ್ವಿಚ್ಚಿನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ.

ಓಡಿಹೋಗಿ ಮೇನ್ ಸ್ವಿಚ್ ಎಳೆದಳು. ಮಕ್ಕಳನ್ನೆಲ್ಲ ಹೊರಗೆ ಕಳಿಸಿದಳು. ಆಮೇಲೆ ಗೋಡೆಗೊರಗಿ ನಿಂತು ತನ್ನ ಹತ್ತು ಬೆರಳುಗಳನ್ನೇ ನೋಡಿದಳು.

ಗ್ಲೂ ಗನ್ ತಣ್ಣಗಾಗಿದ್ದು ಕರೆಂಟ್ ಹೋಗಿದ್ದಕ್ಕೆ. ಗರಗಸ ನಿಂತದ್ದೂ ಅದಕ್ಕೇ. ದೀಪ ಉರಿಯದ ಹಗಲಿನಲ್ಲಿ ಯಾರಿಗೆ ತಿಳಿಯಬೇಕು? ಮಷೀನಿನ ಸ್ವಿಚ್ಚು ಹಾಕಿದ್ದು ಹಾಕಿದಂತೆಯೇ ಇತ್ತು, ಕರೆಂಟ್ ಬಂದದ್ದೇ ಅದು ತಾನಾಗಿ ಎದ್ದಿತು. ಚೆಕ್ ಮಾಡಲು ಬಂದವನು ಕರೆಂಟ್ ಇದ್ದಾಗ ಬಂದ, ಇದ್ದಾಗಲೇ ಹೋದ.

ಅಂದು ಕೂಡ ಹೀಗೇ ಆಗಿತ್ತೇ?

ದೇವರೇ... ಅವನು ಮಾಡಿರಲಿಲ್ಲ.

* * *

ಅವನು ಖಾಲಿ ತರಗತಿಯಲ್ಲಿ ಬೋರ್ಡ್ ಒರೆಸುತ್ತಿದ್ದ. ಓಡಿಬಂದ ಅವಳನ್ನು ಕಂಡು ಡಸ್ಟರ್ ಕೈಜಾರಿತು. ಅವನ ಕಣ್ಣು ನೇರವಾಗಿ ಅವಳ ಕೈಗಳಿಗೆ ಹೋಯಿತು.

"ಏನಾಯ್ತು? ಕೈ ತೋರಿಸಿ."

"ಬನ್ನಿ ನನ್ನ ಜೊತೆ."

"ನಾನು ಆ ರೂಮಿಗೆ..."

"ಇವತ್ತೊಂದು ದಿನ. ನನಗೋಸ್ಕರ."

ಹೊಸ್ತಿಲಲ್ಲಿ ಅವನ ಕಾಲು ನಿಂತಿತು. ಅವಳು ಅವನ ಕೈ ಹಿಡಿದು ಒಳಗೆ ಕರೆತಂದಳು, ಮಷೀನಿನಿಂದ ದೂರ, ಗೋಡೆಯ ಬಳಿ ನಿಲ್ಲಿಸಿದಳು. "ನೋಡ್ತಿರಿ. ಅಲ್ಲಿ ಯಾರೂ ಇಲ್ಲ."

ಮೇನ್ ಸ್ವಿಚ್ ಹಾಕಿದಳು.

ಗರಗಸ ತಾನಾಗಿ ಓಡತೊಡಗಿತು.

ತೆಗೆದಳು. ನಿಂತಿತು. ಹಾಕಿದಳು. ಮತ್ತೆ ಓಡಿತು.

ಅವನು ಗೋಡೆಗುಂಟ ಜಾರಿ ನೆಲದ ಮೇಲೆ ಕುಳಿತ. ಮುಖ ಮುಚ್ಚಿಕೊಂಡು ಅತ್ತ. ಎಷ್ಟೋ ಕಾಲದಿಂದ ಕಟ್ಟಿಟ್ಟಿದ್ದ ಅಳು. ಅದು ಮುಗಿಯುವವರೆಗೂ ಅವಳು ಪಕ್ಕದಲ್ಲೇ ಕುಳಿತಿದ್ದಳು.

ಮುಖ್ಯೋಪಾಧ್ಯಾಯಿನಿಯನ್ನು ಕರೆತಂದು ಅದನ್ನೇ ತೋರಿಸಿದಾಗ ಆಕೆ ಅಲ್ಲೇ ನಿಂತು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು. ಅದೇ ಮಧ್ಯಾಹ್ನ ಮಷೀನಿನ ತಂತಿ ಕಿತ್ತು ಹಾಕಲಾಯಿತು.

* * *

ಬಾಗಿಲು ತೆರೆದದ್ದು ಭಾವನೇ. ನಾದಿನಿಯ ಹಿಂದೆ ನಿಂತವನನ್ನು ನೋಡಿ ಅವನ ದವಡೆ ಬಿಗಿಯಿತು. ಅವಳು ಎಲ್ಲವನ್ನೂ ಅಲ್ಲೇ, ಒಂದೇ ಉಸಿರಿಗೆ ಹೇಳಿದಳು. ತನ್ನ ಕೈ ಎಲ್ಲಿತ್ತು ಎಂಬುದನ್ನೂ.

ಒಳಗಿನಿಂದ ಬಂದ ಅಕ್ಕ ಅವಳ ಎರಡೂ ಕೈ ಹಿಡಿದು ಎದೆಗೊತ್ತಿಕೊಂಡಳು.

ಭಾವ ಸ್ನೇಹಿತನ ಕಡೆ ತಿರುಗಿದ.

"ಮಷೀನು ನೀನು ನಿಲ್ಲಿಸಿದೆ ಅಂದ್ಕೊಂಡೆ ಕಣೋ. ಅದಕ್ಕೇ ಕೈ ಹಾಕಿದೆ."

"ನೀನು ನಿಲ್ಲಿಸಿದೆ ಅಂತ ನಾನು ಅಂದ್ಕೊಂಡಿದ್ದೆ."

ಹೋದ ಬೆರಳುಗಳು ಹೋದವೇ. ಆದರೆ ಭಾವ ಜೇಬಿನಿಂದ ಬಲಗೈ ಹೊರತೆಗೆದು ಸ್ನೇಹಿತನ ಹೆಗಲ ಮೇಲಿಟ್ಟ.

ಅಕ್ಕ ಕಣ್ಣೊರೆಸಿಕೊಂಡು ಗದರಿದಳು. "ಒಳಗೆ ಬಾರಪ್ಪ. ಬಾಗಿಲಲ್ಲೇ ನಿಲ್ಲೋಕೆ ನೀನೇನು ಮೀಟರ್ ಓದೋಕೆ ಬಂದವನಾ?"

ಹೊತ್ತು ಇಳಿಯುವಾಗ ಅವನನ್ನು ಬೀದಿಯ ತಿರುವಿನವರೆಗೆ ಕಳಿಸಿಬರಲು ಅವಳು ಹೊರಟಳು.

"ನನಗೆ ಭಯ ಇನ್ನೂ ಹೋಗಿಲ್ಲ," ಅವನೆಂದ.

"ಯಾವ ಭಯ?"

"ನನ್ನ ಹತ್ತಿರ ಬಂದವರಿಗೆ ಏನಾದ್ರೂ ಆಗಿಬಿಡುತ್ತೆ ಅಂತ."

"ನನಗೆ ಆಗಿಹೋಗಿದೆ."

ಅವನು ಗಾಬರಿಯಿಂದ ನಿಂತ. "ಏನಾಗಿದೆ?"

"ಬಿಡಿಸಿ ಹೇಳಬೇಕಾ?"

"ನಾನು ಥಿಯರಿ ಮೇಷ್ಟ್ರು. ಬಿಡಿಸಿ ಹೇಳದೆ ಇದ್ರೆ ಅರ್ಥ ಆಗಲ್ಲ."

ಅವಳ ಮುಖ ಕೆಂಪಾಯಿತು. ರಸ್ತೆಯ ಕಡೆ ನೋಡುತ್ತ, ಮೆಲ್ಲಗೆ ಹೇಳಿದಳು. "ನಿಮ್ಮನ್ನ ಬಿಟ್ಟು ನನಗೆ ಇರೋಕಾಗಲ್ಲ. ಈ ಊರು ಬಿಟ್ಟು ಹೋಗಬೇಡಿ."

ಅವನು ಮಗುವಿನಂತೆ ಕೇಳಿದ.

"ಇನ್ನೊಂದ್ಸಲ ಹೇಳ್ತೀರಾ?"

"ಯಾಕೆ, ಕೇಳಿಸಲಿಲ್ವಾ?"

"ಕೇಳಿಸ್ತು. ರಿವಿಷನ್ ಮಾಡದೆ ನನಗೆ ಯಾವುದೂ ಉಳಿಯಲ್ಲ."

ಅವಳು ನಗುತ್ತ, ಈ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು, ಇನ್ನೊಂದು ಸಲ ಹೇಳಿದಳು.