ಎಡಗಡೆ ಬಿದ್ದ ಹಕ್ಕಿಗಳು

ಸತ್ತ ಹಕ್ಕಿಗಳು ಕಳವಾಗಿವೆ ಎಂಬ ದೂರು ಸೋಮವಾರ ಬೆಳಗ್ಗೆ ಎಂಟೂವರೆಗೆ ಠಾಣೆಗೆ ಬಂತು. ಎಲ್ಲರೂ 'ಗೊಣಗ' ಎಂದೇ ಕರೆಯುವ ಹೆಡ್ ಕಾನ್‌ಸ್ಟೆಬಲ್, ಬದುಕಿರುವವರ ಕೇಸುಗಳೇ ರಾಶಿ ಬಿದ್ದಿವೆ ಎಂದು ಗೊಣಗುತ್ತಲೇ ಎಫ್‌ಐಆರ್ ಬರೆದ. ಇನ್ಸ್‌ಪೆಕ್ಟರ್ ಮೇಡಂ ಮಾತ್ರ ನಗಲಿಲ್ಲ.

ದೂರುದಾರ ಕಡಲತಡಿಯ ಗಾಳಿಯಂತ್ರಗಳ ಪರಿಸರಾಧಿಕಾರಿ. ಯಂತ್ರದ ರೆಕ್ಕೆಗೆ ಬಡಿದು ಎಷ್ಟು ಹಕ್ಕಿ ಸಾಯುತ್ತವೆಂದು ಹುಡುಕಿ ಎಣಿಸಲು ಅಲ್ಲೊಬ್ಬನಿದ್ದ. ಲೆಕ್ಕ ಮಿತಿ ಮೀರಿದರೆ ಹಕ್ಕಿಗಳ ವಲಸೆ ಮುಗಿಯುವ ತನಕ ಯಂತ್ರ ನಿಲ್ಲಿಸಬೇಕು. ಹುಡುಕುವವನ ಕಣ್ಣನ್ನು ಪರೀಕ್ಷಿಸಲು ಅಧಿಕಾರಿ ಆಗಾಗ ಕಾಲಿಗೆ ಉಂಗುರ ಹಾಕಿದ ಸತ್ತ ಹಕ್ಕಿಗಳನ್ನು ಗುಟ್ಟಾಗಿ ಹುಲ್ಲಿನಲ್ಲಿ ಇಟ್ಟು ಬರುತ್ತಿದ್ದ. ಅವನು ಕಾಣದೆ ಬಿಟ್ಟದ್ದು ಅಲ್ಲೇ ಬಿದ್ದಿದ್ದರೆ ಅವನ ತಪ್ಪು. ಮಾಯವಾಗಿದ್ದರೆ ನರಿಯ ಪಾಲು. ಈಚೆಗೆ ಬಿಟ್ಟದ್ದೆಲ್ಲ ಮಾಯವಾಗುತ್ತಿತ್ತು.

"ನರಿಯಲ್ಲ ಅಂತ ಹೇಗೆ ಹೇಳ್ತೀರಿ?"

"ನರಿ ತಿಂದ್ರೆ ಪುಕ್ಕ ಉದುರಿರುತ್ತೆ ಮೇಡಂ. ಅಲ್ಲಿ ಒಂದು ಪುಕ್ಕವೂ ಇಲ್ಲ."

ಹನ್ನೊಂದಕ್ಕೆ ಸ್ಥಳದ ಪಂಚನಾಮೆ ಶುರುವಾಯಿತು. ಹಕ್ಕಿ ಕಾಣೆಯಾದ ಕಡೆಯಲ್ಲೆಲ್ಲ ಅಧಿಕಾರಿ ಕಡ್ಡಿ ನೆಟ್ಟ. ಹುಡುಕುವವನು ನಡೆಯುವ ಕಾಲುದಾರಿಯಲ್ಲಿ ನಿಂತು ನೋಡಿದರೆ ಕಡ್ಡಿಗಳೆಲ್ಲ ಎಡಗಡೆಯೇ. ಮೇಡಂ ನೇರ ಮುಂದಕ್ಕೆ ನೋಡುತ್ತ ತಮ್ಮ ಎಡಗಣ್ಣು ಮುಚ್ಚಿಕೊಂಡರು; ಕಡ್ಡಿಗಳು ಮರೆಯಾದವು. ಹಾಗಾದರೆ ಅವನೇ ಕದ್ದಿದ್ದಾನೆ ಎಂದ ಗೊಣಗ.

"ಕಾಣದ್ದನ್ನ ಕದಿಯೋಕಾಗುತ್ತೇನಯ್ಯಾ?" ಎಂದು ಅವರು, ಇಡೀ ಹುಲ್ಲುಗಾವಲು ಕಾಣುವಂತೆ ಮರಳ ದಿಬ್ಬದ ಮೇಲಿದ್ದ ಕಾವಲು ಕೋಣೆಯತ್ತ ನೋಡಿದರು.

ಕಡಲೊಳಗಿನ ಯಂತ್ರಗಳ ಹತ್ತಿರ ಸುಳಿಯುವ ಡಾಲ್ಫಿನ್‌ಗಳನ್ನು ದುರ್ಬೀನಿನಲ್ಲಿ ನೋಡಿ ಎಣಿಸುವವಳು ಅಲ್ಲಿದ್ದಳು. ಹಕ್ಕಿ ಹುಡುಕುವವನ ತಂಗಿ. ದುರ್ಬೀನು ನೆಲದ ಕಡೆ ತಿರುಗಿತ್ತು.

"ಡಾಲ್ಫಿನ್ ಹುಲ್ಲಲ್ಲಿ ಓಡಾಡ್ತವೇನಮ್ಮಾ?"

ಅವಳು ಎದ್ದು ಅವರನ್ನು ಕೋಣೆಯ ಹಿಂದಕ್ಕೆ ಕರೆದೊಯ್ದಳು. ಮರಳು ತೋಡಿದರೆ ಕಾಗದದಲ್ಲಿ ಜೋಪಾನವಾಗಿ ಸುತ್ತಿಟ್ಟ ಹಕ್ಕಿಗಳು. ಎಲ್ಲವನ್ನೂ ಜಪ್ತಿ ಮಾಡಲಾಯಿತು.

"ಅಣ್ಣನ ಎಡಗಣ್ಣು ಹೋಗ್ತಾ ಇದೆ. ಅಪ್ಪ ಅಮ್ಮ ಹೋದ್ಮೇಲೆ ನನ್ನ ಸಾಕಿದ್ದು ಅವನೇ. ಈ ಕೆಲಸ ಅಂದ್ರೆ ಅವನಿಗೆ ಜೀವ. ದಯವಿಟ್ಟು ಅವನಿಗೆ ಹೇಳ್ಬೇಡಿ."

ಕೆಲವು ಹಕ್ಕಿಗಳ ಕಾಲಲ್ಲಿ ಉಂಗುರವಿರಲಿಲ್ಲ. ಅವು ನಿಜವಾಗಿಯೂ ಯಂತ್ರಕ್ಕೆ ಬಡಿದು ಸತ್ತವು. ಪರೀಕ್ಷೆಯ ಹಕ್ಕಿ ಯಾವುದೆಂದು ಅವಳು ಉಂಗುರ ನೋಡುತ್ತಿರಲಿಲ್ಲ. ಅಣ್ಣ ದಾಟಿ ಹೋದದ್ದನ್ನೆಲ್ಲ ಅವಳು ಎತ್ತಿ ತಂದಿದ್ದಳು. ಅವನಿಗೆ ಕಾಣುತ್ತಿಲ್ಲವೆಂದು ಯಾರಿಗೂ ತಿಳಿಯದೆ ಲೆಕ್ಕ ಕಮ್ಮಿಯಾಗಿ, ನಿಲ್ಲಬೇಕಿದ್ದ ಯಂತ್ರಗಳು ತಿರುಗುತ್ತಲೇ ಇದ್ದವು. ಅಧಿಕಾರಿ ಅದನ್ನು ಹೇಳಿದಾಗ ಅವಳು ಹಕ್ಕಿಗಳ ಪಕ್ಕ ಮರಳಿನ ಮೇಲೆ ಕೂತಳು. ಮೇಡಂ ಅವಳನ್ನು ಬಂಧಿಸಲೇಬೇಕಾಯಿತು.

ಮಧ್ಯಾಹ್ನ ಅಣ್ಣ ಠಾಣೆಗೆ ಬಂದ. ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ, ಮೇಡಂ ಇದ್ದದ್ದನ್ನು ಇದ್ದಂತೆ ಹೇಳಿದರು. ಕಣ್ಣು ಮಂಜಾದದ್ದು ಅವನಿಗೂ ಗೊತ್ತಿತ್ತು. ಪರೀಕ್ಷೆಯಲ್ಲಿ ಪಾಸಾಗುತ್ತಿದ್ದೇನಲ್ಲ ಎಂದು ಧೈರ್ಯವಾಗಿದ್ದನಂತೆ. ಅವನು ಅಲ್ಲೇ ಕೂತಿದ್ದ ಪರಿಸರಾಧಿಕಾರಿಯ ಕಡೆ ತಿರುಗಿದ.

"ಈ ವರ್ಷದ ನನ್ನ ಲೆಕ್ಕ ಪೂರ್ತಿ ಹೊಡೆದುಹಾಕಿ ಸಾರ್. ಕಣ್ಣು ಕಾಣಲ್ಲ ಅಂತ ನಾನೇ ಬರ್ಕೊಡ್ತೀನಿ."

ಬಂಧಿಸುವಾಗ ಕಣ್ಣೀರು ಹಾಕದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಪಕ್ಕದಲ್ಲಿ ಕೂತು ಅವಳ ತಲೆ ಸವರಿದ.

"ನನಗೊಂದು ಮಾತು ಹೇಳಬಾರ್ದಿತ್ತೇನೇ?"

"ಹೇಳಿದ್ರೆ ಅವತ್ತೇ ಕೆಲಸ ಬಿಡ್ತಿದ್ದೆ ನೀನು."

"ಹೂಂ," ಎಂದ ಅಣ್ಣ. "ಬಿಡ್ತಿದ್ದೆ."